ಶಿಂಗ್‌ಪಿಂಗ್ ಕಡವಿನವರೆಗೆ

ತೆಪ್ಪ ಹತ್ತುವ ಮೊದಲೇ ಮಗಳಿಗೆ ಹೇಳಿಬಿಡಬೇಕೆಂದು ಮೊ ಲಿಯಾಂಗ್ ರೈಲಿನಲ್ಲಿ ನಿರ್ಧರಿಸಿದ್ದ. ಗುಯಿಲಿನ್‌ನಲ್ಲಿ ಇಳಿದು ಬೀದಿಬದಿಯ ಅಂಗಡಿಯಲ್ಲಿ ಅಕ್ಕಿ ಶಾವಿಗೆ ತಿನ್ನುವಾಗ, ಶಾವಿಗೆ ಮುಗಿಯಲಿ ಎಂದುಕೊಂಡ. ಯಾಂಗ್‌ದಿಗೆ ಬರುವ ಬಸ್ಸಿನಲ್ಲಿ ನಾಲ್ಕು ವರ್ಷದ ಹುಜಾಯ್ ವಾಂತಿ ಮಾಡಿಕೊಂಡದ್ದರಿಂದ ಅಲ್ಲಿಯೂ ಆಗಲಿಲ್ಲ. ಈಗ ಯಾಂಗ್‌ದಿಯ ಕಡವಿನಲ್ಲಿ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟುಗಳ ರಾಶಿಯ ಮುಂದೆ ನಿಂತು, ಯಾವ ಪಟ್ಟಿ ಯಾವ ಕೊಂಡಿಗೆ ಹೋಗಬೇಕೆಂದು ತಿಳಿಯದೆ ಅವನು ತಡಕಾಡುತ್ತಿದ್ದಾಗ, ಒಂಬತ್ತು ವರ್ಷದ ಯಾಚಿನ್ ಆಗಲೇ ತಮ್ಮನಿಗೆ ತೊಡಿಸಿ, ಕಾಲ ಸಂದಿಯ ಪಟ್ಟಿಯನ್ನೂ ಬಿಗಿದು, ಗಲ್ಲಕ್ಕೆ ಒತ್ತುತ್ತದೋ ಎಂದು ಕೊರಳ ಬಳಿ ಒಂದು ಬೆರಳು ತೂರಿಸಿ ನೋಡುತ್ತಿದ್ದಳು. ಆಮೇಲೆ ಅಪ್ಪನ ಕಡೆ ತಿರುಗಿ, "ಅಪ್ಪಾ, ಉಲ್ಟಾ ಹಾಕ್ಕೊಂಡಿದೀಯ," ಎಂದಳು. ಅವಳೇ ಬಂದು ಬಿಚ್ಚಿ ಸರಿಮಾಡಿದಳು. ಅವಳ ಬೈತಲೆ ಅವನ ಎದೆಯ ಹತ್ತಿರ ನೆಟ್ಟಗೆ ಕಾಣುತ್ತಿತ್ತು. ಇದನ್ನು ಬಾಚಿದವರು ಯಾರು? ಮನೆಯಲ್ಲಿರುವ ತನ್ನ ತಾಯಿಯೇ, ಇವಳೇ? ಹೆಂಡತಿ ಮನೆ ಬಿಟ್ಟುಹೋದ ಈ ಒಂದು ವರ್ಷ ದಿನವೂ ಬೆಳಗ್ಗೆ ಇವಳ ತಲೆ ಬಾಚುತ್ತಿದ್ದವರು ಯಾರೆಂದು ತನಗೆ ಗೊತ್ತಿಲ್ಲವೆಂಬುದು ಅವನಿಗೆ ಆಗ ಹೊಳೆಯಿತು. ಶಿಂಗ್‌ಪಿಂಗ್ ಕಡವಿನಲ್ಲಿ ಎರಡು ಗಂಟೆಗೆ ಮಕ್ಕಳ ತಾಯಿ ಮೇಯಿಂಗ್ ಕಾಯುತ್ತಾಳೆ. ಮಗಳನ್ನು ಅವಳ ಕೈಗೆ ಒಪ್ಪಿಸಿ, ಮಗನೊಂದಿಗೆ ಅವನು ಸಂಜೆಯ ರೈಲಿಗೆ ಲ್ಯೂಝೌಗೆ ಮರಳಬೇಕು. ಮಕ್ಕಳಿಗೆ ತಿಳಿಸಿದ್ದು ಇಷ್ಟೇ: ಅಪ್ಪ ರಜೆ ಹಾಕಿ ನದಿ ತೋರಿಸಲು ಕರೆದೊಯ್ಯುತ್ತಾನೆ, ಕೊನೆಯಲ್ಲಿ ಅಮ್ಮ ಸಿಗುತ್ತಾಳೆ. "ನಾನು ಹೇಳಲ್ಲ," ಎಂದಿದ್ದಳು ಮೇಯಿಂಗ್ ಫೋನಿನಲ್ಲಿ. "ಆರಿಸಿದವನು ನೀನು. ನೀನೇ ಹೇಳು."

ಹೆಸರಿಗೆ ಬಿದಿರ ತೆಪ್ಪ. ನೋಡಿದರೆ ಬಿದಿರಿನ ಬಣ್ಣ ಬಳಿದ ದಪ್ಪ ಪ್ಲಾಸ್ಟಿಕ್ ಪೈಪುಗಳ ಸಾಲು, ಮೇಲೆ ಎರಡು ಬೆಂಚು, ಹಿಂದೆ ಮೋಟಾರು. ತೆಪ್ಪದವನು ಹ್ವಾಂಗ್ ಎಂಬ ಅರವತ್ತರ ಮುದುಕ. ಬಿಸಿಲಿಗೆ ಸುಟ್ಟ ಮುಖ, ಕಿವಿಯ ಮೇಲೊಂದು ಸಿಗರೇಟು. "ನಾಲ್ಕು ಜನ ಆಗ್ದೆ ಬಿಡಂಗಿಲ್ಲ, ಇನ್ನೊಬ್ರು ಬರ್ಲಿ," ಎಂದು ಅವನು ತಡೆದ. ಹುನಾನ್ ಕಡೆಯಿಂದ ಒಬ್ಬಳೇ ಪ್ರವಾಸ ಬಂದಿದ್ದ ನಿವೃತ್ತ ಶಾಲಾ ಮಾಸ್ತರಿಣಿಯೊಬ್ಬಳು ಛತ್ರಿ ಮಡಚುತ್ತ ಬಂದು ಮುಂದಿನ ಬೆಂಚಿನಲ್ಲಿ ಯಾಚಿನ್‌ಳ ಪಕ್ಕ ಕುಳಿತಳು. ಹೆಸರು ಪೆಂಗ್ ಎಂದು ತಾನೇ ಹೇಳಿಕೊಂಡಳು. ಹಿಂದಿನ ಬೆಂಚಿನಲ್ಲಿ ಮಗನನ್ನು ತೊಡೆಗೆ ಆನಿಸಿಕೊಂಡು ಕುಳಿತಿದ್ದ ಮೊ ಲಿಯಾಂಗನನ್ನು ತಿರುಗಿ ನೋಡಿ, "ಒಂದು ಹೆಣ್ಣು, ಒಂದು ಗಂಡು! ನಿಮ್ಮ ಮನೇಲಿ 'ಹಾವೊ' ಅಕ್ಷರ ಪೂರ್ತಿ ಆಯ್ತಲ್ಲಪ್ಪ. ನಮ್ಮನೇಲಿ ಅರ್ಧಕ್ಕೇ ನಿಂತ್ಹೋಯ್ತು," ಎಂದು ನಕ್ಕಳು. ಚೀನೀ ಬರಹದಲ್ಲಿ ಹೆಣ್ಣು ಎಂಬ ಗುರುತಿನ ಪಕ್ಕಕ್ಕೆ ಮಗ ಎಂಬ ಗುರುತನ್ನು ಬರೆದರೆ 'ಹಾವೊ', ಅಂದರೆ ಒಳ್ಳೆಯದು ಎಂಬ ಅಕ್ಷರವಾಗುತ್ತದೆ. ಇಬ್ಬರು ಮಕ್ಕಳಿರುವವರಿಗೆ ಹೋದಲ್ಲೆಲ್ಲ ಇದನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಹುಜಾಯ್ ಹುಟ್ಟಿದಾಗ ಕಾರ್ಖಾನೆಯಲ್ಲಿ ಎಲ್ಲರೂ ಹೇಳಿದ್ದರು, ಅವನು ಎಲ್ಲರಿಗೂ ಸಿಹಿ ಹಂಚಿದ್ದ. ಈಗ "ಹೌದು, ಹೌದು," ಎಂದು ಮಗನ ಜಾಕೆಟ್ಟಿನ ಪಟ್ಟಿ ಸರಿಮಾಡತೊಡಗಿದ.

ಮೋಟಾರಿನ ಗದ್ದಲಕ್ಕೆ ಮಾತಾಡುವ ಹಾಗಿರಲಿಲ್ಲ. ಅದೇ ಒಂದು ನೆಮ್ಮದಿ. ಅಕ್ಟೋಬರಿನ ನೀರು ಇಳಿದು ದಡದ ನುಣುಪುಗಲ್ಲುಗಳೆಲ್ಲ ಮೇಲೆದ್ದಿದ್ದವು. ಎರಡೂ ಬದಿಯ ಗುಡ್ಡಗಳು ಒಂದರ ಹೆಗಲಿನಿಂದ ಇನ್ನೊಂದು ಇಣುಕಿ, ತೆಪ್ಪ ಹತ್ತಿರವಾದಂತೆ ಬೇರೆ ಬೇರೆಯಾಗಿ ಸರಿದು ನಿಲ್ಲುತ್ತಿದ್ದವು. ಎಮ್ಮೆಯೊಂದು ಮೂತಿಯವರೆಗೆ ಮುಳುಗಿ ನೀರೊಳಗಿನ ಹುಲ್ಲು ಮೇಯುತ್ತಿತ್ತು. ಹುಜಾಯ್ ಅದನ್ನು ಕಂಡು ಕೂಗಿದ್ದು ಕೇಳಿಸಲಿಲ್ಲ, ಬಾಯಿ ತೆರೆದದ್ದು ಮಾತ್ರ ಕಂಡಿತು. ನೋಂದಣಿ ಕಚೇರಿಯಲ್ಲಿ ಕೂಡ ಹೀಗೇ, ಬಾಯಿಗಳೇ ಮೊದಲು ನೆನಪಿಗೆ ಬರುತ್ತವೆ. ವಿಚ್ಛೇದನದ ಮೇಜಿನ ಹಿಂದೆ ಕುಳಿತ ಹೆಂಗಸು ಕಾಗದ ಮುಂದಿಟ್ಟು, "ಇಬ್ಬರು ಮಕ್ಕಳು. ಯಾರು ಯಾರ ಹತ್ರ?" ಎಂದು, ತರಕಾರಿಯವರು ಎಷ್ಟು ಕೊಡಲಿ ಎಂದು ಕೇಳುವಷ್ಟೇ ಸಲೀಸಾಗಿ ಕೇಳಿದ್ದಳು. "ಇಬ್ಬರೂ ನನ್ನ ಹತ್ರ ಇರ್ಲಿ," ಎಂದಿದ್ದಳು ಮೇಯಿಂಗ್. ಅವಳ ಮಾತು ಮುಗಿಯುವ ಮೊದಲೇ ಅವನ ಬಾಯಿಂದ ಬಂದಿತ್ತು: "ಮಗ ನನಗೆ." ಹೆಂಗಸು ಪೆನ್ನು ಎತ್ತಿಕೊಂಡು, "ಮಗಳು?" ಎಂದಳು. ಅವನು ಮೇಜಿನ ಮೇಲಿದ್ದ ಹೂವಿನ ಕುಂಡವನ್ನು ನೋಡಿದ. ಅದು ಪ್ಲಾಸ್ಟಿಕ್ಕಿನ ಹೂವೋ ನಿಜವಾದದ್ದೋ ಎಂದು ಯೋಚಿಸುತ್ತಿದ್ದುದು ಕೂಡ ನೆನಪಿದೆ. "ಸರಿ, ಮಗಳು ತಾಯಿಗೆ," ಎಂದು ಹೆಂಗಸು ಬರೆದುಕೊಂಡಳು. ಮೇಯಿಂಗ್ ಅವನನ್ನು ನೋಡಿದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಗಂಟೆ ಎಷ್ಟಾಯಿತೆಂದು ಗಡಿಯಾರ ನೋಡುವವರ ಹಾಗೆ ನೋಡಿ ಕಣ್ಣು ತೆಗೆದಳು. ಮೂವತ್ತು ದಿನ ಯೋಚಿಸಲು ಸಮಯವಿತ್ತು, ಕಾನೂನೇ ಕೊಟ್ಟ ಸಮಯ. ದಿನವೂ ಬೆಳಗ್ಗೆ ಎದ್ದು ಇವತ್ತು ಹೋಗಿ ಬದಲಾಯಿಸುತ್ತೇನೆ ಎಂದುಕೊಂಡಿದ್ದ. ಅವನ ತಾಯಿ ಅವನ ಮನಸ್ಸನ್ನು ಓದಿದವಳಂತೆ, "ಹೆಣ್ಣು ಮಗು ತಾಯಿ ಹತ್ರ ಇದ್ರೇನೇ ಚೆಂದ ಕಣೋ. ಇನ್ನೆರಡು ವರ್ಷಕ್ಕೆ ದೊಡ್ಡೋಳಾಗ್ತಾಳೆ, ನಿಂಗೇನು ತಿಳಿಯುತ್ತೆ?" ಎಂದಿದ್ದಳು. ಅದು ಬುದ್ಧಿಮಾತಿನ ಹಾಗೆ ಕೇಳಿಸಿತ್ತು. ಅದರ ಹಿಂದೆ ಅವನು ಸುಖವಾಗಿ ಅಡಗಿಕೊಂಡ.

ಆದರೆ ಬೇರೊಂದು ಸಂಗತಿಯಿತ್ತು, ಅದನ್ನು ತಾಯಿಗೂ ಹೇಳಿರಲಿಲ್ಲ. ಅವನ ಕೆಲಸ ಶಾವಿಗೆ ಕಾರ್ಖಾನೆಯ ಹುಳಿ ಕಳಲೆಯ ವಿಭಾಗದಲ್ಲಿ. ಲ್ಯೂಝೌದ ಬಸವನಹುಳು ಶಾವಿಗೆಗೆ ಹಾಕುವ ಎಳೆಬಿದಿರಿನ ಕಳಲೆ. ತೊಟ್ಟಿಯಲ್ಲಿ ವಾರಗಟ್ಟಲೆ ಹುಳಿಬಂದು ನಾರುವ ಅದನ್ನು ತೆಗೆದು ಹೆಚ್ಚುವ ಯಂತ್ರಕ್ಕೆ ಸುರಿಯುವುದು. ಎಷ್ಟು ತಿಕ್ಕಿ ತೊಳೆದರೂ ಆ ವಾಸನೆ ಉಗುರ ಸಂದಿಯಲ್ಲಿ ಉಳಿಯುತ್ತಿತ್ತು. ಒಂದು ಸಂಜೆ ಶಾಲೆಯ ಗೇಟಿನ ಹತ್ತಿರ ಯಾಚಿನ್ ಅವನ ಬಳಿ ಬಂದು ತಗ್ಗಿದ ದನಿಯಲ್ಲಿ, "ಅಪ್ಪಾ, ನಾಳೆಯಿಂದ ಸ್ವಲ್ಪ ಆ ಕಡೆ ನಿಂತ್ಕೋತೀಯಾ?" ಎಂದಳು. ಅವಳ ಹಿಂದೆ ಮೂವರು ಹುಡುಗಿಯರು ಮೂಗು ಹಿಡಿದುಕೊಂಡು ನಗುತ್ತಿದ್ದರು. ಮರುದಿನದಿಂದ ಅವನು ರಸ್ತೆಯ ಆಚೆ ಬದಿಯ ಚಹಾದ ಅಂಗಡಿಯ ಕಂಬದ ಪಕ್ಕ ನಿಲ್ಲುತ್ತಿದ್ದ. ಮಗು ಹೇಳಿದ್ದು ತಪ್ಪಲ್ಲವೆಂದು ಅವನಿಗೆ ಗೊತ್ತಿತ್ತು. ಅಂದಿನಿಂದ ಅವಳ ಮುಂದೆ ಕೈಗಳನ್ನು ಜೇಬಿನಲ್ಲಿ ಇಟ್ಟುಕೊಳ್ಳುವುದು ರೂಢಿಯಾಯಿತು ಅಷ್ಟೆ. ಹುಜಾಯ್‌ಗೆ ಅವನ ಕೈ ನಾರುತ್ತಿರಲಿಲ್ಲ. ಆ ಕೈಯನ್ನೇ ಎಳೆದು ಕೆನ್ನೆಯ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದ. ಕಚೇರಿಯಲ್ಲಿ ಆ ಎರಡು ಪದ ಬಾಯಿಂದ ಜಾರಿದ್ದು ವಂಶ ಬೆಳೆಯಲೆಂದೋ, ತಾಯಿಯ ಭಯಕ್ಕೋ, ಇಲ್ಲ ಒಂದು ಮಗುವಿನ ಮಾತಿಗೆ ಸೇಡು ತೀರಿಸಿಕೊಳ್ಳಲೋ? ಈ ಕೊನೆಯದನ್ನು ನೆನೆದಾಗ ಅವನ ಕಿವಿ ಬಿಸಿಯಾಗುತ್ತಿತ್ತು, ಈಗಲೂ ಆಯಿತು.

ಹ್ವಾಂಗ್ ಮೋಟಾರು ತಗ್ಗಿಸಿದ. ಎದುರಿಗೆ ನೀರಿನಿಂದ ನೇರ ಎದ್ದ ದೊಡ್ಡ ಬಂಡೆಗೋಡೆ. ಅದರ ಮೈತುಂಬ ಬಿಳಿ, ಹಳದಿ, ಕಪ್ಪು ಕಲೆಗಳು. "ಒಂಬತ್ತು ಕುದುರೆ ಗುಡ್ಡ!" ಎಂದು ಅವನು ಕೂಗಿದ. "ಏಳು ಕುದುರೆ ಕಂಡೋರು ಪರೀಕ್ಷೇಲಿ ದೇಶಕ್ಕೆ ಎರಡನೇರು. ಒಂಬತ್ತೂ ಕಂಡೋರು ಮೊದಲ್ನೇರು. ನೋಡಿ, ನೋಡಿ. ನಲವತ್ತು ವರ್ಷದಿಂದ ನೋಡ್ತಿದೀನಿ, ನಂಗೆ ಐದರ ಮೇಲೆ ಕಂಡಿಲ್ಲ. ಅದ್ಕೇ ತೆಪ್ಪ ಬಿಡ್ತಿದೀನಿ."

"ನಂಗೊಂದು ನಾಯಿ ಕಾಣ್ತು," ಎಂದ ಹುಜಾಯ್.

"ನಾಯಿ ಕಂಡೋರು ಎಷ್ಟನೇರು, ತಾತ?" ಎಂದು ಯಾಚಿನ್ ಕೇಳಿದಳು.

"ನಾಯಿ ಕಂಡೋರಾ? ಅವ್ರು ಪೊಲೀಸ್ ಆಗ್ತಾರೆ," ಎಂದ ಹ್ವಾಂಗ್. ಮಾಸ್ತರಿಣಿ ಛತ್ರಿಯ ತುದಿಯಿಂದ ತೋರಿಸುತ್ತ ಜೋರಾಗಿ ನಕ್ಕಳು. ಯಾಚಿನ್ ಬೆಂಚಿನ ಅಂಚಿಗೆ ಸರಿದು, ಕಣ್ಣು ಕಿರಿದು ಮಾಡಿಕೊಂಡು ಆರು, ಏಳು ಎಂದು ಎಣಿಸುತ್ತಿದ್ದವಳು ಹಿಂದೆ ತಿರುಗಿ, "ನಿಂಗೆ ಎಷ್ಟು ಕಂಡ್ವು ಅಪ್ಪಾ?" ಎಂದಳು. ಅವನಿಗೆ ಕಂಡದ್ದು ಬರೀ ಕಲೆಗಳು. "ಎಂಟು," ಎಂದ. "ಎಂಟನೇದು ಎಲ್ಲಿ, ತೋರ್ಸು." ಅವನು ಕೈ ಎತ್ತಿ ಎಲ್ಲೋ ತೋರಿಸಿದ. ಅವಳು ಬಹಳ ಹೊತ್ತು ಆ ಕಡೆ ನೋಡಿದಳು. "ಅದು ಮರ ಅಪ್ಪಾ," ಎಂದಳು, ಅವನ ಕಡೆ ಬಾಗಿ, ಪಕ್ಕದವರಿಗೆ ಕೇಳಿಸದಷ್ಟು ಮೆಲ್ಲಗೆ.

ಅಷ್ಟರಲ್ಲಿ ಗುಯಿಲಿನ್ ಕಡೆಯಿಂದ ಬಂದ ಮೂರು ಅಂತಸ್ತಿನ ದೊಡ್ಡ ದೋಣಿ ಅವರನ್ನು ದಾಟಿತು. ಅದರ ಹಿಂದಿನ ಅಲೆ ಬಂದು ತೆಪ್ಪದ ಬದಿಯನ್ನು ಎತ್ತಿ ಬಿಟ್ಟಿತು. ಆಮೇಲೆ ನಡೆದದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ಮೊ ಲಿಯಾಂಗ್ ಎರಡೂ ತೋಳುಗಳಿಂದ ಮಗನನ್ನು ಅವುಚಿಕೊಂಡು ಬಾಗಿದ್ದ. ಅವನ ಮೂಗು ಮಗುವಿನ ಕೂದಲಲ್ಲಿ ಹುದುಗಿತ್ತು, ಕಣ್ಣು ಮುಚ್ಚಿತ್ತು. ಕಣ್ಣು ತೆರೆದಾಗ ಮುಂದಿನ ಬೆಂಚಿನ ಅಂಚಿನಲ್ಲಿ ಯಾಚಿನ್ ಇರಲಿಲ್ಲ. ಅವಳು ಪೈಪುಗಳ ಮೇಲಿಂದ ಜಾರಿ ಸೊಂಟದವರೆಗೆ ನೀರಿನಲ್ಲಿದ್ದಳು; ಮಾಸ್ತರಿಣಿ ಮಂಡಿಯೂರಿ ಅವಳ ಜಾಕೆಟ್ಟಿನ ಕೊರಳಪಟ್ಟಿಯನ್ನು ಎರಡೂ ಕೈಯಿಂದ ಹಿಡಿದಿದ್ದಳು. ಛತ್ರಿ ತೇಲಿಹೋಗುತ್ತಿತ್ತು. ಯಾಚಿನ್ ಕೂಗಿರಲಿಲ್ಲ. ಅವಳು ಅಪ್ಪನನ್ನು ನೋಡುತ್ತಿದ್ದಳು, ಅವನ ತೋಳುಗಳನ್ನು, ಅವು ಸುತ್ತಿಕೊಂಡಿದ್ದ ತಮ್ಮನನ್ನು. ಹ್ವಾಂಗ್ ಮೋಟಾರು ನಿಲ್ಲಿಸಿ ಎರಡೇ ಹೆಜ್ಜೆಯಲ್ಲಿ ದಾಟಿ ಬಂದು ಮಗುವನ್ನು ಎತ್ತಿ ಹಾಕಿದ. ಆಮೇಲೆ ಮೊ ಲಿಯಾಂಗನ ಕಡೆ ತಿರುಗಿ ಕಿರುಚಿದ: "ಏನಯ್ಯಾ, ಹುಟ್ಟಿಸಿದೋರು ನಿಂಗೆ ಒಂದೇ ಕೈ ಕೊಟ್ಟವ್ರಾ? ಎರಡು ಮಕ್ಕಳನ್ನ ಕರ್ಕೊಂಡು ಬಂದೋನು ಎರಡು ಕೈ ಎಲ್ಲಿ ಮಡಗಿದ್ದೆ?" ಮೋಟಾರು ನಿಂತಿದ್ದರಿಂದ ಆ ಮಾತು ನದಿಗೆಲ್ಲ ಕೇಳಿಸಿತ್ತು. ಪಕ್ಕದ ತೆಪ್ಪಗಳಿಂದ ಜನ ಎದ್ದು ನಿಂತು ನೋಡುತ್ತಿದ್ದರು, ಒಬ್ಬ ಫೋನು ಎತ್ತಿ ಹಿಡಿದಿದ್ದ.

ನುಣುಪುಗಲ್ಲಿನ ದಡಕ್ಕೆ ತೆಪ್ಪ ಹತ್ತಿಸಿದರು. ಪೆಂಗ್ ತನ್ನ ಶಾಲನ್ನು ಯಾಚಿನ್‌ಗೆ ಸುತ್ತಿ, ಹುಜಾಯ್‌ನ ಕೈ ಹಿಡಿದು, "ಬಾ ಪುಟ್ಟಾ, ಎಮ್ಮೆ ನೋಡ್ಕೊಂಡು ಬರೋಣ," ಎಂದು ದೂರ ಕರೆದೊಯ್ದಳು. ಛತ್ರಿಯ ವಿಷಯ ಅವಳು ಎತ್ತಲೇ ಇಲ್ಲ. ಹ್ವಾಂಗ್ ಬೆನ್ನು ತಿರುಗಿಸಿ ಕಿವಿಯ ಮೇಲಿನ ಸಿಗರೇಟು ಹಚ್ಚಿದ. ಅಪ್ಪ ಮಗಳು ಇಬ್ಬರೇ ಬಿಸಿಕಲ್ಲುಗಳ ಮೇಲೆ ಕುಳಿತರು. ಅವಳು ಸಾಕ್ಸು ಕಳಚಿ ಹಿಂಡುತ್ತಿದ್ದಳು. ಅವನು ಸಹಾಯಕ್ಕೆ ಚಾಚಿದ ಕೈ ಅರ್ಧದಲ್ಲಿ ನಿಂತು ಜೇಬಿಗೆ ಹೋಯಿತು.

"ಅವನು ಚಿಕ್ಕೋನಲ್ವಾ ಅಪ್ಪಾ," ಎಂದಳು ಅವಳು. "ಅವನ್ನೇ ಹಿಡೀಬೇಕು."

ಬೈದಿದ್ದರೆ ಚೆನ್ನಾಗಿತ್ತು. "ಯಾಚಿನ್," ಎಂದ. "ನಿಂಗೊಂದು ಮಾತು ಹೇಳ್ಬೇಕಿತ್ತು."

"ನಾನು ಇವತ್ತು ವಾಪಸ್ ಬರಲ್ಲ ಅಂತನಾ?"

"ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳ್ಲಿಲ್ಲ. ಅಜ್ಜಿ ನನ್ನ ಬ್ಯಾಗಲ್ಲಿ ಸ್ವೆಟರ್, ದಪ್ಪ ಪ್ಯಾಂಟು, ಚಳಿಗಾಲದ ಬೂಟು ಎಲ್ಲಾ ತುಂಬಿದಾಳೆ. ಹುಜಾಯ್‌ದು ಒಂದೇ ಚಡ್ಡಿ." ಅವಳು ಇನ್ನೊಂದು ಸಾಕ್ಸು ಕೈಗೆತ್ತಿಕೊಂಡಳು. "ಅಮ್ಮ ನನ್ನನ್ನ ಕೇಳಿದ್ಲಾ, ಇಲ್ಲಾ ನೀನು ಕೊಟ್ಟಿದ್ದಾ?"

ಇದಕ್ಕೊಂದು ಸುಲಭದ ಉತ್ತರವಿತ್ತು. ಅಮ್ಮ ಕೇಳಿದಳು ಎಂದರೆ ಸುಳ್ಳೂ ಆಗುತ್ತಿರಲಿಲ್ಲ. ನಾಲಿಗೆಯ ತುದಿಗೆ ಅದು ಬಂದೂ ಇತ್ತು. ಆದರೆ ಅವಳು ಆ ಗುಡ್ಡದ ಮರವನ್ನು ನೋಡಿದಂತೆಯೇ ಅವನ ಬಾಯನ್ನು ನೋಡುತ್ತಿದ್ದಳು, ಆತುರವಿಲ್ಲದೆ, ಹುಡುಕುತ್ತ. "ಅಮ್ಮ ನಿಮ್ಮಿಬ್ಬರನ್ನೂ ಕೇಳಿದ್ಲು," ಎಂದ.

"ನೀನು?"

"ನಾನು ಹುಜಾಯ್‌ನ ಕೇಳ್ದೆ."

ಯಾಚಿನ್ ತಲೆಯಾಡಿಸಿದಳು. ಲೆಕ್ಕದ ಉತ್ತರ ಪುಸ್ತಕದ ಕೊನೆಯ ಪುಟದ ಉತ್ತರಕ್ಕೆ ತಾಳೆಯಾದಾಗ ಹಾಗೆ ಆಡಿಸುತ್ತಿದ್ದಳು. ಸಾಕ್ಸನ್ನು ಕಲ್ಲಿನ ಮೇಲೆ ಹರಡಿ, ಸುಕ್ಕು ಬಿಡಿಸಿ, "ಇದು ಒಣಗಲ್ಲ," ಎಂದಳು. ಅಳುತ್ತಾಳೆ, ಆಗ ತಬ್ಬಿಕೊಳ್ಳಬಹುದು ಎಂದು ಅವನು ಕಾದ. ಅವಳು ಅಳಲಿಲ್ಲ.

ಶಿಂಗ್‌ಪಿಂಗ್ ಕಡವಿನ ಮೆಟ್ಟಿಲ ಮೇಲೆ ಮೇಯಿಂಗ್ ನಿಂತಿದ್ದಳು. ಕೂದಲು ಗಿಡ್ಡ ಮಾಡಿಸಿದ್ದಳು, ಅವಳು ಕೆಲಸ ಮಾಡುವ ವಸತಿಗೃಹದ ಅಡುಗೆಮನೆಯ ಏಪ್ರನ್ನು ಹಾಗೇ ಇತ್ತು, ಹತ್ತಿರ ಬಂದಾಗ ಶುಂಠಿಯ ವಾಸನೆ. ಮಗಳ ಒದ್ದೆ ಪ್ಯಾಂಟು ನೋಡಿ ಗಂಡನಾಗಿದ್ದವನನ್ನು ನೋಡಿದಳು. ಹುಜಾಯ್ ಅಕ್ಕನ ಬೆನ್ನ ಹಿಂದೆ ಅಡಗಿ ಅಮ್ಮನನ್ನು ಇಣುಕುತ್ತಿದ್ದ. ಪೆಂಗ್ ಶಾಲು ವಾಪಸು ಬೇಡವೆಂದು ಬಿಟ್ಟು, ಮಕ್ಕಳ ತಲೆ ಸವರಿ ಹೊರಟುಹೋದಳು. "ಅಕ್ಕ ಇಲ್ಲೇ ಇರ್ತಾಳೆ ಪುಟ್ಟಾ, ನಾವು ರೈಲಿಗೆ ಹೋಗೋಣ," ಎಂದು ಮೊ ಲಿಯಾಂಗ್ ಹೇಳಿದ್ದೇ ತಡ, ಹುಜಾಯ್ ಅಕ್ಕನ ತೋಳನ್ನು ಎರಡೂ ಕೈಯಲ್ಲಿ ಹಿಡಿದು ಚೀರಿದ. "ಅಕ್ಕನೂ ಬರ್ಲಿ! ಅಕ್ಕನೂ ಬರ್ಲಿ!" ಜನ ತಿರುಗಿ ನೋಡಿದರು. ಕಿತ್ತಳೆ ಮಾರುವವಳು, "ಅಯ್ಯೋ, ಮಗೂಗೆ ಏನಾಯ್ತು?" ಎಂದಳು. ಅವನು ಬಗ್ಗಿ ಮಗನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ. ಬೆರಳುಗಳು ಬೆವರಿನಿಂದ ಒದ್ದೆಯಾಗಿದ್ದವು. ಒಂದು ಬಿಡಿಸಿದರೆ ಇನ್ನೊಂದು ಬಿಗಿಯುತ್ತಿತ್ತು. ಆಗ ಯಾಚಿನ್ ತನ್ನ ಇನ್ನೊಂದು ಕೈ ತಂದು, ತಮ್ಮನ ಬೆರಳುಗಳನ್ನು ಅವಳೂ ಬಿಡಿಸಲು ಶುರುಮಾಡಿದಳು. "ಬಿಡು ಹುಜಾಯ್. ಜಾಣ ಅಲ್ವಾ. ಅಪ್ಪನ ಜೊತೆ ಹೋಗು. ಅಪ್ಪ ನಿನ್ನ ಕೇಳಿದಾರೆ." ಅವಳ ದನಿಯಲ್ಲಿ ಚುಚ್ಚುಮಾತಿನ ಸುಳಿವೂ ಇರಲಿಲ್ಲ. ಅವಳ ಬೆರಳು ಅವನ ಬೆರಳಿಗೆ ತಾಗಿತು.

"ಇರ್ಲಿ," ಎಂದ ಅವನು, ನೆಟ್ಟಗಾಗುತ್ತ. "ಇಬ್ಬರೂ ಇರ್ಲಿ ಇಲ್ಲೇ."

"ನಾಟಕ ಬೇಡ ಲಿಯಾಂಗ್," ಎಂದಳು ಮೇಯಿಂಗ್. ಇಷ್ಟು ಹೊತ್ತಿಗೆ ಅವಳಾಡಿದ ಮೊದಲ ಮಾತು ಅದು. "ಇವತ್ತು ಜನರ ಮುಂದೆ ದೊಡ್ಡ ಮನಸ್ಸು ಮಾಡಿ, ನಾಳೆ ನಿಮ್ಮಮ್ಮನ್ನ ಕಟ್ಕೊಂಡು ಬಂದು ಮಗೂನ ಎಳ್ಕೊಂಡು ಹೋಗೋದು ಬೇಡ."

"ಇಲ್ಲ. ಕಾಗದ ಬದಲಾಯಿಸೋಣ. ಸೋಮವಾರ ಬರ್ತೀನಿ."

ಅಷ್ಟು ಹೇಳಿದ್ದಕ್ಕೆ ಎದೆ ಹಗುರಾಯಿತು. ತಕ್ಷಣ ಆ ಹಗುರದ ಮೇಲೆಯೇ ಅನುಮಾನ ಬಂತು. ಇದು ತ್ಯಾಗವೋ, ಇಲ್ಲ ಸಂಜೆಯ ರೈಲಿನಲ್ಲಿ ಅಕ್ಕನಿಗಾಗಿ ಅಳುವ ಮಗುವನ್ನು ಒಬ್ಬನೇ ಹಿಡಿದು ಕೂರುವ ಹೆದರಿಕೆಯೋ? ಮಗ ತನಗೆ ಎಂದು ಬಾಯಿಬಿಟ್ಟಾಗ ಹೇಗೋ ಹಾಗೆಯೇ ಈ ಮಾತೂ ಅವನನ್ನು ಕೇಳದೆ ಹೊರಗೆ ಬಂದಿತ್ತು. ಒಳ್ಳೆಯದಾಗಲಿ ಕೆಟ್ಟದಾಗಲಿ ತನ್ನ ಬದುಕಿನ ದೊಡ್ಡ ಮಾತುಗಳನ್ನೆಲ್ಲ ತಾನು ಆಡಿದ ಮೇಲೇ ಕೇಳಿಸಿಕೊಂಡವನು ತಾನು ಎನ್ನಿಸಿತು. ಅವನು ಯಾಚಿನ್‌ಳ ಮುಖ ನೋಡಿದ, ಅಲ್ಲೇನಾದರೂ ಸಡಿಲಾಗಿದೆಯೇ ಎಂದು. ಅವಳ ಹುಬ್ಬು ಗಂಟಿಕ್ಕಿತ್ತು. "ಹಂಗಾದ್ರೆ ನಿನ್ನ ಹತ್ರ ಯಾರಿರ್ತಾರೆ?" ಎಂದಳು. ಅವನು "ಅಜ್ಜಿ ಇದಾರಲ್ಲ," ಎಂದು ನಗಲು ನೋಡಿದ.

ವಸತಿಗೃಹದ ಹಿತ್ತಿಲ ಅಡುಗೆಮನೆಯಲ್ಲಿ ಮೇಯಿಂಗ್ ಅವನ ಮುಂದೆ ಒಂದು ಬಟ್ಟಲು ಅನ್ನ, ಟೊಮೆಟೊ ಹಾಕಿ ಬೇಯಿಸಿದ ಮೀನು ಇಟ್ಟಳು. "ತಿಂದು ಹೋಗು," ಎಂದು ಪಾತ್ರೆ ತಿಕ್ಕಲು ನಿಂತಳು. ಮಹಡಿಯ ಮೇಲೆ ಮಕ್ಕಳ ಓಡಾಟ ಕೇಳಿಸುತ್ತಿತ್ತು. ಹುಜಾಯ್ ಆಗಲೇ ನಗುತ್ತಿದ್ದ. ಎಷ್ಟು ಬೇಗ! ಅವನು ಮೀನಿನ ಮುಳ್ಳು ಬಿಡಿಸುತ್ತ, ಬಿಡಿಸಿದ್ದನ್ನು ಅಭ್ಯಾಸದಂತೆ ಬಟ್ಟಲಿನ ಒಂದು ಬದಿಗೆ ಮಗನಿಗೆಂದು ಸರಿಸಿಡುತ್ತಿದ್ದುದು ಅರ್ಧ ಮೀನು ಮುಗಿದ ಮೇಲೆ ಗಮನಕ್ಕೆ ಬಂತು. ಫೋನು ಹೊಡೆದುಕೊಂಡಿತು. ತಾಯಿ. ಅವನು ಅದನ್ನು ಬೋರಲು ಹಾಕಿದ. ಮೇಯಿಂಗ್ ತಿರುಗದೆಯೇ, "ಎತ್ಕೋ," ಎಂದಳು. "ಈಗ್ಲೇ ಹೇಳ್ಬಿಡು. ರೈಲು ಹತ್ತಿದ್ಮೇಲೆ ನೀನು ಬದಲಾಗ್ತೀಯ." ಅವನು ಎತ್ತಿಕೊಂಡ. ಮಗು ಊಟ ಮಾಡಿತೇ ಎಂದು ತಾಯಿ ಕೇಳಿದಳು. ಇಲ್ಲೇ ಬಿಟ್ಟೆ ಎಂದ. ಅರ್ಥವಾಗಲಿಲ್ಲ ಅವಳಿಗೆ, ಮತ್ತೆ ಹೇಳಿದ. "ಗಂಡು ಮಗೂನ ಬಿಟ್ಟು ಬರೀ ಕೈಲಿ ಬರ್ತೀಯೇನೋ? ನಿಮ್ಮಪ್ಪನ ಸಮಾಧಿಗೆ ನಾಳೆ ದೀಪ ಹಚ್ಚೋರು ಯಾರೋ?" ಎಂಬ ಮಾತು ಪಾತ್ರೆಯ ಸದ್ದನ್ನೂ ಮೀರಿ ಅಡುಗೆಮನೆಯಲ್ಲೆಲ್ಲ ಕೇಳಿಸಿತು. ಅವನು ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ತಾಯಿ ಅಳುತ್ತ ಅಳುತ್ತ ತಾನೇ ಫೋನು ಇಟ್ಟಳು. ಅವನು ಬಟ್ಟಲು ತೊಳೆದಿಟ್ಟ.

ಹಿತ್ತಿಲ ಬಾಗಿಲಿನಿಂದಲೇ ಹೊರಟ. ಮತ್ತೆ ಬೀಳ್ಕೊಡುವುದಾದರೆ ಹುಜಾಯ್ ಅಳುತ್ತಾನೆ. ಅಳದೆಯೂ ಇರಬಹುದು, ಅದು ಇನ್ನೂ ಕಷ್ಟ. ಓಣಿಯಲ್ಲಿ ಪಾರಿಜಾತದಷ್ಟು ಸಣ್ಣ ಹೂವಿನ ಮರವೊಂದು ಘಮಘಮಿಸುತ್ತಿತ್ತು. ಹತ್ತು ಹೆಜ್ಜೆ ಹೋಗಿರಲಿಲ್ಲ, ಹಿಂದೆ ಚಪ್ಪಲಿಯ ಸದ್ದಾಯಿತು. ಯಾಚಿನ್ ಅಮ್ಮನ ದೊಡ್ಡ ಚಪ್ಪಲಿ ಮೆಟ್ಟಿಕೊಂಡು ಓಡಿ ಬಂದಿದ್ದಳು. ಹತ್ತಿರ ಬಂದು, ಏದುಸಿರು ನಿಲ್ಲುವವರೆಗೆ ನಿಂತಳು.

"ಭಾನುವಾರ ಬರ್ತೀಯಾ?"

"ಬರ್ತೀನಿ. ಎಲ್ಲಾ ಭಾನುವಾರ ಬರ್ತೀನಿ."

"ಎಲ್ಲಾ ಬೇಡ," ಎಂದಳು ಅವಳು. "ಬರ್ತೀನಿ ಅಂದ ಭಾನುವಾರ ಬಾ."

ಈ ಭಾನುವಾರವೇ ಎನ್ನಲು ಬಾಯಿ ತೆರೆದ. ಚಳಿ ಶುರುವಾಗುವ ಕಾಲ. ಶಾವಿಗೆಗೆ ಬೇಡಿಕೆ ಏರಿ ಭಾನುವಾರವೂ ಪಾಳಿ ಇರುತ್ತದೆ. ಮೇಸ್ತ್ರಿ ಇವತ್ತಿನ ರಜೆಗೇ ಮುಖ ಗಂಟಿಕ್ಕಿದ್ದ. ಸೋಮವಾರ ಬೇರೆ ಕಾಗದ ಬದಲಾಯಿಸಲು ಇನ್ನೊಂದು ರಜೆ ಕೇಳಬೇಕು. ಇವನ್ನೆಲ್ಲ ಅವನು ಅವಳ ಎದುರಿಗೇ, ಅವಳನ್ನು ನೋಡುತ್ತಲೇ ಯೋಚಿಸಿದ. ಅವಳು ಕಾದಳು.

"ಈ ಭಾನುವಾರ ಆಗಲ್ಲ," ಎಂದ. "ಅದರಾಚೆ ಭಾನುವಾರಾನೂ ಗೊತ್ತಿಲ್ಲ. ಪಾಳಿ ನೋಡ್ಕೊಂಡು ಹೇಳ್ತೀನಿ."

"ಸರಿ," ಎಂದಳು ಯಾಚಿನ್. ತಿರುಗಿ, ಚಪ್ಪಲಿ ಕಾಲಿನಿಂದ ಜಾರದಂತೆ ಬೆರಳು ಮಡಚಿಕೊಂಡು, ನಿಧಾನವಾಗಿ ನಡೆದು ಬಾಗಿಲೊಳಗೆ ಹೋದಳು. ಅವನು ಓಣಿಯ ನಡುವೆಯೇ ನಿಂತಿದ್ದ. ಎದುರಿನಿಂದ ತರಕಾರಿಯ ಗಾಡಿ ಬಂದು ಗಂಟೆ ಬಾರಿಸಿದಾಗ ಗೋಡೆಗೆ ಒತ್ತಿ ದಾರಿ ಬಿಟ್ಟು, ಆಮೇಲೆ ಬಸ್ಸಿನ ನಿಲ್ದಾಣ ಯಾವ ಕಡೆ ಎಂದು ಆ ಗಾಡಿಯವನನ್ನೇ ಕೇಳಿದ.